ಒಂದು ಸಂಖ್ಯೆ ಜಾರಿದರೆ

ಒಂದು ಮೇಲಿಂಗ್ ಲಿಸ್ಟ್‌ಗೆ (ಇಮೇಲ್ ಗುಂಪಿಗೆ) ಬಂದ ಪತ್ರಗಳ ಆನ್‌ಲೈನ್ ಸಂಗ್ರಹದಿಂದ ಹಿಂದೆ ಬರೆದಿಟ್ಟುಕೊಂಡಿದ್ದ ಒಂದು ಹಳೆ ಇಮೇಲ್‌ನ ಲಿಂಕನ್ನು ಇವತ್ತು ಗೆಳೆಯನಿಗೆ ಫೋನಿನಲ್ಲಿ ಓದಿ ಹೇಳಿದೆ. ಕೊನೆಗೆ 004217.

ಅವನು ತೆರೆದರೆ ಬೇರೆ ಯಾರದ್ದೋ ಪತ್ರ!

ನಡುವೆ ಯಾರೋ ಒಂದು ಸ್ಪ್ಯಾಮ್ ಅಳಿಸಿ, ಸಂಗ್ರಹವನ್ನು ಮೊದಲಿಂದ ಎಣಿಸಿದ್ದಾರೆ. ಆಮೇಲಿನವೆಲ್ಲ ಒಂದೊಂದು ಮನೆ ಹಿಂದೆ ಸರಿದಿವೆ.

ಇಂಥ ಸಂಖ್ಯೆ ಓದಲು ಸುಲಭ, ನಿಜ. ಆದರೆ ಅದು ಪತ್ರದ ಗುರುತಲ್ಲ, ಅದು ಕೂತ ಜಾಗದ ಗುರುತು. ಇಮೇಲ್ ಜೊತೆಗೇ ಮೆಸೇಜ್-ಐಡಿ ಅಂತ ಒಂದು ಗುರುತು ಹುಟ್ಟುತ್ತದೆ. ಲಿಂಕ್ ಅದರಿಂದಲೇ ಬರಬೇಕು. ಹಾಗೇ ಹಾಕಿದರೆ ತುಂಬಾ ಉದ್ದ, ಚಿಹ್ನೆಗಳೂ ಜಾಸ್ತಿ.

ಮೇಲಿಂಗ್ ಲಿಸ್ಟ್ ನಡೆಸುವ ತಂತ್ರಾಂಶ ಮೇಲ್‌ಮ್ಯಾನ್ 3 ಅದನ್ನು ಎಸ್‌ಎಚ್‌ಎ-1 ಹ್ಯಾಶ್ ಮಾಡಿ (ಅಂದರೆ ಲೆಕ್ಕ ಹಾಕಿ ಒಂದೇ ಅಳತೆಯ ಚಿಕ್ಕ ಗುರುತಾಗಿಸಿ), A-Z ಮತ್ತು 2-7 ಮಾತ್ರ ಬಳಸುವ ಬೇಸ್32 ಬರಹದಲ್ಲಿ 32 ಅಕ್ಷರಗಳಾಗಿ ಬರೆಯುತ್ತದೆ. ಅದರಲ್ಲಿ 0 ಮತ್ತು 1 ಇಲ್ಲವೇ ಇಲ್ಲ. "ಇದು ಓ ಅಕ್ಷರವೋ, ಸೊನ್ನೆಯೋ?" ಅಂತ ಕೇಳುವ ಹಾಗೇ ಇಲ್ಲ. ಎಷ್ಟು ಚೆಂದದ ಕಾಳಜಿ ಅಲ್ವಾ?

ನನ್ನ ಕೈಯಲ್ಲಿದ್ದರೆ ಅದರ ಮುಂದೆ ವರ್ಷ, ತಿಂಗಳನ್ನೂ ಸೇರಿಸುತ್ತೇನೆ. 2009/03 ಅಂತ ಕಂಡರೆ ಸಾಕು, ತೆರೆಯುವ ಮೊದಲೇ ಪತ್ರದ ವಯಸ್ಸು ತಿಳಿಯುತ್ತದೆ.

ಗೆಳೆಯನಿಗೆ ಬೇಕಿದ್ದ ಪತ್ರ ಕೊನೆಗೂ ಸಿಕ್ಕಿತು. 004216ರಲ್ಲಿ.