ಬನ್ನಿ, ಬಂಗಾರ, ಬೈರಿದೇವರಕೊಪ್ಪ

ಈ ಸಲದ ಆಯುಧ ಪೂಜೆಗೆ ಅಂಗಡಿ ಸ್ವಚ್ಛ ಮಾಡುವಾಗ ಹಳೆಯ ನೋಟ್‌ಬುಕ್ ಒಂದು ಸಿಕ್ಕಿತು. ಕಾಪರ್ ತಂತಿಯ ಖಾಲಿ ರೀಲುಗಳ ಹಿಂದೆ ಬಿದ್ದಿತ್ತು. ರಟ್ಟಿನ ಮೇಲೆ ವಾರ್ನಿಶ್ ಚೆಲ್ಲಿ ಒಣಗಿ ಜೇನಿನ ಬಣ್ಣದ ಕಲೆಯಾಗಿದೆ. ತೆರೆದರೆ ನನ್ನದೇ ಅಕ್ಷರ.

"12-3-2014. ಅಂಗಡಿ ಫೋನ್ ನಾಲ್ಕು ಸಲ ಬಂತು. ಒಂದು ಸಲ ಎತ್ತಿದೆ. ಹಲೋ ಬರಲಿಲ್ಲ. ಆ ಕಡೆಯವರು ಇಟ್ಟುಬಿಟ್ಟರು."

ಕಸಬರಿಗೆ ಬದಿಗಿಟ್ಟು ಅಲ್ಲೇ ಸ್ಟೂಲ್ ಮೇಲೆ ಕೂತೆ. ಅರ್ಧ ತಾಸು ಏಳಲಿಲ್ಲ.

ನನಗೆ ಉಗ್ಗು ಇದೆ. ಮೂರ್ನಾಲ್ಕು ವರ್ಷದವನಿದ್ದಾಗ ಶುರುವಾಯಿತಂತೆ, ಈಗಲೂ ಇದೆ. ಎಲ್ಲ ಅಕ್ಷರಕ್ಕೂ ಒಂದೇ ಥರ ಅಲ್ಲ. ಸ, ನ, ಉ ಸಲೀಸಾಗಿ ಬರುತ್ತವೆ. ಕ, ಪ ಸ್ವಲ್ಪ ಕಷ್ಟ. ಬ ಮಾತ್ರ ಬಂಡೆ. ತುಟಿ ಎರಡೂ ಅಂಟಿಕೊಳ್ಳುತ್ತವೆ. ಒಳಗಿನಿಂದ ಉಸಿರು ಬಂದು ಅವಕ್ಕೆ ಗುದ್ದುತ್ತದೆ. ಗದ್ದ ಬಿಗಿಯುತ್ತದೆ, ಕಣ್ಣು ತಾನಾಗೇ ಮುಚ್ಚುತ್ತದೆ, ಬಲಗಾಲಿನ ಹೆಬ್ಬೆರಳು ಚಪ್ಪಲಿಯೊಳಗೆ ಮಡಚಿಕೊಳ್ಳುತ್ತದೆ. ಹೇಳಬೇಕಾದ ಶಬ್ದ ಯಾವುದು ಅಂತ ನನಗೆ ಪಕ್ಕಾ ಗೊತ್ತಿರುತ್ತದೆ. ಎದುರಿಗಿದ್ದವರು ನಾನು ಮರೆತಿದ್ದೇನೆ ಅಂದುಕೊಂಡು ತಾವೇ ಬೇರೆ ಯಾವುದೋ ಶಬ್ದ ಹೇಳಿ ಮುಗಿಸುತ್ತಾರೆ.

ನಮ್ಮ ಮನೆ ಇರುವುದು ಬೈರಿದೇವರಕೊಪ್ಪದಲ್ಲಿ.

ಕೆಲಸಕ್ಕಿದ್ದ ಮೋಟಾರ್ ವೈಂಡಿಂಗ್ ಅಂಗಡಿ ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿತ್ತು. ಸಂಜೆ ಹೊಸೂರಿಗೆ ಬಂದು ಧಾರವಾಡದ ಕಡೆ ಹೋಗುವ ಸಿಟಿ ಬಸ್ ಹತ್ತುತ್ತಿದ್ದೆ. ಕಂಡಕ್ಟರ್ ಬಂದು "ಎಲ್ಲಿಗ್ರೀ?" ಅಂದಾಗ ನನ್ನ ಬಾಯಿಂದ "ಉಣಕಲ್" ಅಂತ ಬರುತ್ತಿತ್ತು. ಕೆರೆ ಹತ್ತಿರ ಇಳಿದು ಅಲ್ಲಿಂದ ಮನೆ ತನಕ ನಡೆಯುತ್ತಿದ್ದೆ. ಕಿಸೆಯಲ್ಲಿ ರೊಕ್ಕ ಇದ್ದ ದಿನ "ನವನಗರ" ಅಂತ ಹೇಳಿ, ಮುಂದಿನ ಊರಿನ ಟಿಕೆಟ್ ತಗೊಂಡು, ಮೊದಲೇ ನಮ್ಮ ಸ್ಟಾಪಿನಲ್ಲಿ ಇಳಿಯುತ್ತಿದ್ದೆ. ತಿಂಗಳ ಕೊನೆಗೆ ಮತ್ತೆ ಉಣಕಲ್. ಮಳೆಗಾಲದಲ್ಲಿ ಪ್ಯಾಂಟ್ ಮೊಣಕಾಲಿನ ತನಕ ತೊಯ್ದು ಮನೆಗೆ ಬಂದರೆ ಅವ್ವ ಕೇಳುತ್ತಿದ್ದಳು, "ಯಾಕೋ ಇಷ್ಟೊತ್ತು?" ಬಸ್ ಸಿಗಲಿಲ್ಲ ಅನ್ನುತ್ತಿದ್ದೆ. ಹಾಗೆ ಸುಮಾರು ಎಂಟು ವರ್ಷ ನಡೆದಿದ್ದೇನೆ. ಒಂದು ಊರಿನ ಹೆಸರು ಹೇಳುವುದನ್ನು ತಪ್ಪಿಸಲಿಕ್ಕೆ.

ಅಜ್ಜಿ ಬಜೆ ಬೇರು ತೇಯ್ದು, ಜೇನುತುಪ್ಪದಲ್ಲಿ ಕಲಸಿ ನಾಲಿಗೆಗೆ ಹಚ್ಚುತ್ತಿದ್ದಳು. ಹಳ್ಳದ ಹರಳು ಬಾಯಲ್ಲಿಟ್ಟುಕೊಂಡು ಮಾತಾಡು ಅಂದವರೂ ಇದ್ದರು. ಶಾಲೆಯಲ್ಲಿ ಪಾಠ ಓದಿಸುವಾಗ ಒಬ್ಬ ಮಾಸ್ತರರು ನನ್ನ ಸರದಿ ಬಂದ ಕೂಡಲೇ ಮುಂದಿನ ಹುಡುಗನ ಕಡೆ ಕೈ ತೋರಿಸುತ್ತಿದ್ದರು. ಕರುಣೆಯಿಂದಲೇ ಮಾಡಿದ್ದು, ಗೊತ್ತು. ಆದರೆ ಆ ಕೈ ನನ್ನ ತಲೆಯ ಮೇಲಿಂದ ದಾಟಿ ಹೋಗುವುದು ನನಗೆ ಇವತ್ತಿಗೂ ಕಾಣುತ್ತದೆ. ನಗುತ್ತಿದ್ದ ಹುಡುಗರನ್ನು ಮರೆತಿದ್ದೇನೆ. ಅದನ್ನು ಮರೆತಿಲ್ಲ.

ಒಂದೇ ಒಂದು ಜಾಗದಲ್ಲಿ ನನ್ನ ಬಾಯಿ ತೊಡರುತ್ತಿರಲಿಲ್ಲ. ಅವ್ವನ ಜೊತೆ ಸೋಮವಾರ ಸಿದ್ಧಾರೂಢ ಮಠಕ್ಕೆ ಹೋದರೆ, ಎಲ್ಲರೂ ಸೇರಿ "ಓಂ ನಮಃ ಶಿವಾಯ" ಅನ್ನುವಾಗ, ನಾನೂ ಗಟ್ಟಿಯಾಗಿ ಹೇಳುತ್ತಿದ್ದೆ. ಎಷ್ಟು ಹೊತ್ತು ಹೇಳಿದರೂ ಸಲೀಸು. ಸಿದ್ಧಾರೂಢ ಅಜ್ಜನವರು ಒಳಗೆ ಮಾತು ಕೊಡುತ್ತಾರೆ, ಹೊರಗೆ ಬರುವಾಗ ವಾಪಸ್ ತಗೊಳ್ಳುತ್ತಾರೆ ಅಂತ ಆಗ ನಂಬಿದ್ದೆ. ನಿಧಾನ ಮಾಡಿ, ಕೆಲವೊಮ್ಮೆ ಅವ್ವನ ಕೈ ಎಳೆದು, ಮತ್ತೆ ಒಳಗೆ ಹೋಗೋಣ ಅನ್ನುತ್ತಿದ್ದೆ.

ವೈಂಡಿಂಗ್ ಕಲಿತದ್ದೇ ಅದರಲ್ಲಿ ಮಾತು ಬೇಡ ಅಂತ. 36 ಸ್ಲಾಟಿನ ಸ್ಟೇಟರ್, ಅಂದರೆ ಮೋಟಾರಿನಲ್ಲಿ ತಂತಿ ಸುತ್ತುವ ತಿರುಗದ ಭಾಗ, ಅದರ ಮುಂದೆ ಕೂತರೆ ಯಾರೂ ನಿಮ್ಮನ್ನು ಮಾತಾಡಿಸುವುದಿಲ್ಲ. ಸುತ್ತು ಎಣಿಸುವುದು ತಪ್ಪಿದರೆ ಕಾಯಿಲ್ ಬಿಚ್ಚಿ ಮತ್ತೆ ಸುತ್ತಬೇಕು, ಹಾಗಾಗಿ ಎಲ್ಲರೂ ಸುಮ್ಮನಿರುತ್ತಾರೆ. ಮನಸ್ಸಿನೊಳಗೆ ಎಣಿಸುವಾಗ ಉಗ್ಗು ಇರುವುದಿಲ್ಲ. ಕೈ ಚೆನ್ನಾಗಿ ಕೂತಿತು. ಹುಬ್ಬಳ್ಳಿಯಲ್ಲಿ ಒಳ್ಳೆಯ ವೈಂಡರ್ ಅನ್ನಿಸಿಕೊಂಡೆ. ಹೀಗೇ ಇದ್ದುಬಿಡಬಹುದಿತ್ತು.

2014ರ ಬೇಸಿಗೆಗೆ ಮೊದಲು ಮಾಲಕರಿಗೆ ಆರಾಮ ತಪ್ಪಿತು. ಅಂಗಡಿ, ಫೋನ್ ಎರಡೂ ನನ್ನ ಮೇಲೆ ಬಿದ್ದವು. ಕಲಘಟಗಿ ಕಡೆಯ ರೈತರೊಬ್ಬರ ಐದು ಎಚ್‌ಪಿ ಮೋಟಾರ್ ಸುಟ್ಟು ಬಂದಿತ್ತು. ಮಧ್ಯಾಹ್ನಕ್ಕೇ ತಯಾರಾಗಿತ್ತು. ಅವರು ಎರಡು ಸಲ ಫೋನ್ ಮಾಡಿದರು. ಒಂದು ಸಲ ಎತ್ತಲಿಲ್ಲ. ಇನ್ನೊಂದು ಸಲ ಎತ್ತಿ, "ಬರ್ರಿ" ಅನ್ನಲಿಕ್ಕೆ ಹೋಗಿ ಬ ಮೇಲೆ ನಿಂತೆ. ಆಗಿಲ್ಲ ಅಂದುಕೊಂಡು ಅವರು ಇಟ್ಟರು. ಮರುದಿನ ಬಂದು, ಮುಗಿದು ಕೂತ ಮೋಟಾರ್ ನೋಡಿದರು. "ಹೇಳಿದ್ರ ನಿನ್ನೇನ ಬರ್ತಿದ್ನಲ್ಲೋ ತಮ್ಮಾ. ರಾತ್ರಿ ತ್ರೀ ಫೇಸ್ ಕರೆಂಟ್ ಸುಮ್ನ ಹೋತು." ಸಿಟ್ಟಿನಿಂದ ಅನ್ನಲಿಲ್ಲ. ಒಣಗುತ್ತಿದ್ದ ಬೆಳೆಯ ಚಿಂತೆ ಅವರ ಮುಖದಲ್ಲಿತ್ತು. ಅಲ್ಲಿಯ ತನಕ ನನ್ನ ಉಗ್ಗು ನನಗಷ್ಟೇ ತೊಂದರೆ ಅಂದುಕೊಂಡಿದ್ದೆ.

ಅದೇ ವಾರ ಸ್ಪೀಚ್ ಥೆರಪಿಸ್ಟ್ ಮೇಡಂ ಒಬ್ಬರ ಹತ್ತಿರ ಹೋದೆ. ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಕಲಿತು ಬಂದವರು. ಮೊದಲ ದಿನ ಅವರು ಹೇಳಿದ್ದು ಕೇಳಿ ಕಣ್ಣಲ್ಲಿ ನೀರು ಬಂತು. ನಾಲಿಗೆಯಲ್ಲಿ ಏನೂ ದೋಷವಿಲ್ಲ, ಹೆದರಿಕೆಯಿಂದ ಬಂದದ್ದೂ ಅಲ್ಲ, ಮಾತಿನ ಗತಿಯನ್ನು ಮಿದುಳು ಜೋಡಿಸುವ ರೀತಿಯಲ್ಲೇ ವ್ಯತ್ಯಾಸ ಇರುತ್ತದೆ ಅಂದರು. ಮನೆತನದಲ್ಲಿ ಯಾರಿಗಾದರೂ ಇದೆಯಾ ಅಂತ ಕೇಳಿದರು. ನಮ್ಮ ಚಿಕ್ಕಪ್ಪನಿಗೆ ಇತ್ತು. ದೊಡ್ಡವರಲ್ಲಿ ನೂರಕ್ಕೆ ಒಬ್ಬರಿಗೆ ಇರುತ್ತದಂತೆ, ಅದರಲ್ಲೂ ಗಂಡಸರಿಗೇ ಜಾಸ್ತಿ. ಅಂದರೆ ತುಂಬಿದ ಎರಡು ಬಸ್ಸಿನಲ್ಲಿ ನನ್ನಂಥವನು ಇನ್ನೊಬ್ಬ ಇರಬೇಕು, ಅಲ್ವಾ? ಅವನೂ ಯಾವುದೋ ಬೇರೆ ಸ್ಟಾಪಿನಲ್ಲಿ ಇಳಿದು ನಡೆಯುತ್ತಿರಬಹುದು ಅಂತ ಆ ರಾತ್ರಿ ಬಹಳ ಯೋಚಿಸಿದೆ. ಮಠದ ವಿಷಯವನ್ನೂ ಕೇಳಿದೆ. ಹಾಡುವಾಗ, ಹತ್ತು ಜನರ ಜೊತೆ ಒಂದೇ ದನಿಯಲ್ಲಿ ಹೇಳುವಾಗ ಹೆಚ್ಚಿನವರಿಗೆ ಉಗ್ಗು ಬರುವುದೇ ಇಲ್ಲ ಅಂದರು.

ಅವರು ಕಲಿಸಿದ್ದು ಕೇಳಲಿಕ್ಕೆ ಸಣ್ಣದು. ಬ ಹೇಳುವಾಗ ತುಟಿ ಒತ್ತಬೇಡ, ಬರೀ ತಾಗಿಸು. ಸಿಕ್ಕಿಕೊಂಡರೆ ದೂಡಬೇಡ. ಅಲ್ಲೇ ನಿಂತು, ಬಿಗಿ ಸಡಿಲಿಸಿ, ಮೆತ್ತಗೆ ಹೊರಗೆ ಬಾ. ಕಣ್ಣು ಕೆಳಗೆ ಹಾಕಬೇಡ. ಎಲ್ಲಕ್ಕಿಂತ ಕಷ್ಟದ್ದು, ಬೇಕಂತಲೇ ಉಗ್ಗುವುದು. ಇಪ್ಪತ್ತು ವರ್ಷ ಮುಚ್ಚಿಟ್ಟದ್ದನ್ನು ನಾನಾಗೇ ತೆರೆದು ತೋರಿಸಬೇಕು.

ಅದಕ್ಕೆ ಜನತಾ ಬಜಾರಕ್ಕೆ ಕಳಿಸಿದರು. ಬದನೆಕಾಯಿ, ಬೆಂಡೆಕಾಯಿ, ಬೀನ್ಸ್, ಬೀಟ್‌ರೂಟ್, ಬೆಳ್ಳುಳ್ಳಿ. ಒಂದೊಂದರ ದರ ಕೇಳಿ ಬರೆದುಕೊಂಡು ಬಾ ಅಂದರು. ಮೊದಲ ದಿನ ಮಾರ್ಕೆಟ್ ಎರಡು ಸುತ್ತು ಹಾಕಿ, ಸವತೆಕಾಯಿ ತಗೊಂಡು ಮನೆಗೆ ಬಂದೆ. ಎರಡನೇ ದಿನ ಬದನೆಕಾಯಿ ಗುಡ್ಡೆ ಹಾಕಿಕೊಂಡು ಕೂತಿದ್ದ ಒಬ್ಬ ಅಜ್ಜಿಯ ಮುಂದೆ ನಿಂತೆ. ಬ... ಬ... ಅಂತ ನಿಂತೇ ನಿಂತೆ. ಹಿಂದೆ ಗಿರಾಕಿಗಳು. ಅಜ್ಜಿ ತಕ್ಕಡಿ ಕೆಳಗಿಟ್ಟಳು. "ಸಾವಕಾಶ ಹೇಳೋ ತಮ್ಮಾ, ನಾ ಎಲ್ಲೂ ಓಡಿ ಹೋಗಂಗಿಲ್ಲ" ಅಂದಳು. ಹೇಳಿದೆ. ಅರ್ಧ ಕಿಲೋ ತಗೊಂಡೆ. ನೋಟ್‌ಬುಕ್‌ನಲ್ಲಿ ಆ ದಿನದ ಪುಟದಲ್ಲಿ "ಬದನೆಕಾಯಿ" ಅಂತ ಒಂದೇ ಶಬ್ದ ಇದೆ. ಕೆಳಗೆ ಎರಡು ಗೆರೆ ಎಳೆದಿದ್ದೇನೆ, ಪೆನ್ನಿನ ಮೊನೆಗೆ ಕಾಗದ ಹರಿದಿದೆ.

ಎಂಟು ತಿಂಗಳು ಹೋಗಿ ಬಿಟ್ಟುಬಿಟ್ಟೆ. ನಿಜ ಹೇಳುತ್ತೇನೆ, ಸೋತೆ ಅಂತಲೇ ಬಿಟ್ಟದ್ದು. ಉಗ್ಗು ಹೋಗಿರಲಿಲ್ಲ. ಪುಟ ಪುಟದಲ್ಲಿ ಎಷ್ಟು ಸಲ ಸಿಕ್ಕಿಕೊಂಡೆ ಅಂತ ಎಣಿಸಿದ್ದೇನೆ, ಲೆಕ್ಕ ಅಂಥಾದ್ದೇನೂ ಇಳಿದಿಲ್ಲ. ಅದಕ್ಕೇ ನೋಟ್‌ಬುಕ್ ಕಣ್ಣಿಗೆ ಬೀಳದ ಕಡೆ ಸೇರಿತು.

ಈಗ ಓದುತ್ತಾ ಕೂತಾಗ, ಆ ಹುಡುಗ ಯಾವ ಲೆಕ್ಕ ಬರೆದಿಡಲಿಲ್ಲ ಅನ್ನುವುದು ಕಂಡಿತು. ಫೋನ್ ಎತ್ತಿದ್ದು ಮಾರ್ಚ್‌ನಲ್ಲಿ ಒಂದು, ಆಗಸ್ಟ್‌ನಲ್ಲಿ ಒಂದು ದಿನ ಒಂಬತ್ತು. ಕೊನೆಯ ಪುಟಗಳಿಗೆ ಬಂದರೆ ಫೋನಿನ ವಿಷಯವೇ ಇಲ್ಲ. ಅದು ಬರೆಯುವಂಥ ಸಂಗತಿ ಅಂತ ಅವನಿಗೆ ಅನ್ನಿಸುತ್ತಲೇ ಇರಲಿಲ್ಲ. ಉಣಕಲ್ಲಿನಿಂದ ನಡೆಯುವುದು ಯಾವಾಗ ನಿಂತಿತು ಅಂತ ಹುಡುಕಿದೆ. ಎಲ್ಲೂ ಬರೆದಿಲ್ಲ. ನನಗೂ ನೆನಪಿಲ್ಲ. ಎಂಟು ವರ್ಷ ನಡೆದ ದಾರಿ ಯಾವ ಸಂಜೆ ಬಿಟ್ಟೆ ಅನ್ನುವುದೇ ನೆನಪಿಲ್ಲ!

ನೆನಪಿರುವುದು ಆಮೇಲಿನದು. 2017ರಲ್ಲಿ ಮಗಳು ಹುಟ್ಟಿದಾಗ ಸ ಅಕ್ಷರದ ಹೆಸರೇ ಬೇಕು ಅಂತ ಹಟ ಹಿಡಿದಿದ್ದೆ. ಹೆಂಡತಿ ಯಾಕೆ ಅಂತ ಕೇಳಲಿಲ್ಲ. 2018ರಲ್ಲಿ ಹುಬ್ಬಳ್ಳಿ-ಧಾರವಾಡದ ನಡುವೆ ಚಿಗರಿ ಬಸ್ ಬಂತು. ಹತ್ತುವ ಮೊದಲೇ ಕೌಂಟರಿನಲ್ಲಿ ಟಿಕೆಟ್, ನಡುವೆ ಗಾಜು, ಹಿಂದೆ ಪಾಳಿ. ಅಲ್ಲಿ ಎಷ್ಟೋ ಸಲ ಸಿಕ್ಕಿಕೊಂಡಿದ್ದೇನೆ. ಆದರೆ ಒಂದು ದಿನವೂ ಬೇರೆ ಊರಿನ ಟಿಕೆಟ್ ತಗೊಂಡಿಲ್ಲ. ಬಸ್ಸಿನೊಳಗೆ ಮುದ್ರಿಸಿದ ದನಿ ನಮ್ಮ ಸ್ಟಾಪಿನ ಹೆಸರು ಎಲ್ಲೂ ತಡೆಯದೆ ಹೇಳಿದಾಗ, ನಾನೂ ತುಟಿ ಮೆತ್ತಗೆ ತಾಗಿಸಿ ಅದರ ಜೊತೆ ಹೇಳುತ್ತೇನೆ.

2021ರಲ್ಲಿ ಮಗ ಹುಟ್ಟಿದ. ಅಪ್ಪ ತೀರಿಕೊಂಡು ವರ್ಷವಾಗಿತ್ತು. ಅಪ್ಪನ ಹೆಸರೂ ಬ ಅಕ್ಷರದ್ದೇ. ಅದನ್ನೇ ಇಡೋಣ ಅಂತ ನಾನೇ ಅಂದೆ. ಹೆಂಡತಿ ಈ ಸಲ ಕೇಳಿದಳು, "ದಿನಕ್ಕ ನೂರು ಸಲ ಕರೀಬೇಕಾಗತೈತ್ರೀ?" ಕರೀತೀನಿ ಅಂದೆ. ತೊಟ್ಟಿಲಲ್ಲಿ ತಂಗಿ ಮಗುವಿನ ಕಿವಿಯಲ್ಲಿ ಹೆಸರು ಹೇಳಿದ ಮೇಲೆ ನಾನೂ ಬಗ್ಗಿ ಹೇಳಿದೆ. ಮೂರು ಸಲ ಶುರು ಮಾಡಬೇಕಾಯಿತು. ಮಗು ಕಣ್ಣು ಬಿಟ್ಟುಕೊಂಡು ನನ್ನ ತುಟಿಯನ್ನೇ ನೋಡುತ್ತಿತ್ತು.

ವಿಜಯದಶಮಿಯ ಸಂಜೆ ನಮ್ಮ ಕಡೆ ಬನ್ನಿ ಕೊಡುವುದು ನಿಮಗೆ ಗೊತ್ತಲ್ಲ. "ಬನ್ನಿ ತಗೊಂಡು ಬಂಗಾರದಂಗ ಇರೂಣು." ಎರಡು ಬ. ಸಣ್ಣವನಿದ್ದಾಗ ಎಲೆ ಕೈಗಿಟ್ಟು, ಬಾಯಿ ಬಿಡದೆ ಕಾಲಿಗೆ ಬಿದ್ದು ಓಡಿ ಬರುತ್ತಿದ್ದೆ. ದೊಡ್ಡವನಾದ ಮೇಲೂ ಹಾಗೇ, ನಮಸ್ಕಾರ ಮಾಡಿ ಸರಿಯುತ್ತಿದ್ದೆ. ಈ ಸಲ ನೋಟ್‌ಬುಕ್ ಸಿಕ್ಕ ಮೇಲೆ ನಮ್ಮ ಓಣಿಯ ಮನೆಮನೆಗೂ ಹೋದೆ. ಮಗ ಎಲೆಯ ಚೀಲ ಹಿಡಿದುಕೊಂಡು ಜೊತೆಗಿದ್ದ. ಕೊನೆಯ ಮನೆಯ ದೊಡ್ಡಮ್ಮ ಬಾಗಿಲಿಗೆ ಬಂದು ಕೈ ಚಾಚಿದಳು. ಬನ್ನಿ ಬಂತು. ಬಂಗಾರದ ಹತ್ತಿರ ಸಿಕ್ಕಿಕೊಂಡೆ. ಕಣ್ಣು ಕೆಳಗೆ ಹಾಕಲಿಲ್ಲ. ದೊಡ್ಡಮ್ಮನೂ ಕೈ ಹಿಂದೆ ತಗೊಳ್ಳಲಿಲ್ಲ. ಅಂಗೈ ಮೇಲೆ ಹಸಿರು ಎಲೆ ಇಟ್ಟುಕೊಂಡು ನಿಂತಳು. ಬಿಗಿ ಸಡಿಲಿಸಿ, ಮೆತ್ತಗೆ ಹೇಳಿ ಮುಗಿಸಿದೆ.

"ಹೂಂ, ಇರೂಣಪ್ಪಾ" ಅಂದಳು. ಆಮೇಲೆ ಮಗನ ಕಡೆ ಬಗ್ಗಿ, ಅವನೂ ಹೇಳಲಿ ಅಂತ ಕಾದಳು.