ಅಳೆಯುವ ಮೊದಲೇ ‘ಹೆದರಬೇಡಿ’

2017ರ ಆಗಸ್ಟ್‌ನಲ್ಲಿ ಹಾರ್ವೆ ಚಂಡಮಾರುತ ನಾನಿರುವ ಅಮೆರಿಕದ ಹ್ಯೂಸ್ಟನ್ ನಗರವನ್ನು ಮುಳುಗಿಸಿದಾಗ ರಾಯಚೂರಿನಿಂದ ಬಂದ ಫೋನುಗಳೆಲ್ಲ ನೀರಿನ ಬಗ್ಗೆಯೇ. “ಮನಿಯೊಳಗ ನೀರು ಬಂದೈತೇನೋ?” 2009ರ ಅಕ್ಟೋಬರ್ ನೆರೆ ಕಂಡವರು ಮತ್ತೇನು ಕೇಳಿಯಾರು. ಗಾಳಿ ಹೆಂಗೈತಿ ಅಂತ ಯಾರೂ ಕೇಳಲಿಲ್ಲ. ನೀರು ಇಳಿದ ಮೇಲೆ ಇಲ್ಲಿನ ಜಗಳವೆಲ್ಲ ಗಾಳಿಯದೇ ಆಯಿತು.

ಹ್ಯೂಸ್ಟನ್ ಪೂರ್ವಕ್ಕೆ ಹಡಗುಕಾಲುವೆಯ ಉದ್ದಕ್ಕೂ ತೈಲ ಸಂಸ್ಕರಣಾಗಾರ, ರಾಸಾಯನಿಕ ಕಾರ್ಖಾನೆ, ದೈತ್ಯ ಟ್ಯಾಂಕುಗಳ ಸಾಲು. ನಾನು ಶಕ್ತಿನಗರದ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಚಿಮಣಿಗಳ ಕೆಳಗೆ ಬೆಳೆದವನು. ಮಾಳಿಗೆ ಮೇಲೆ ಒಣಹಾಕಿದ ಬಿಳಿ ಧೋತರವನ್ನು ಅವ್ವ ಎರಡು ಸಲ ಝಾಡಿಸಿಯೇ ಒಳಗೆ ತರುತ್ತಿದ್ದಳು. ಕಟ್ಟೆಯ ಮೇಲೆ ಕೂತ ಬೂದಿಯಲ್ಲಿ ನಾವು ಬೆರಳಿನಿಂದ ಹೆಸರು ಬರೆಯುತ್ತಿದ್ದೆವು. ಬೂದಿಯಾದರೆ ಕಣ್ಣಿಗೆ ಕಾಣುತ್ತದೆ. ಬೆಂಜೀನ್ ಕಾಣುವುದಿಲ್ಲ. ಅದು ರಕ್ತದ ಕ್ಯಾನ್ಸರಿಗೆ ಕಾರಣವಾಗುವ ಆವಿ, ಮತ್ತು ಯಂತ್ರ ಇಟ್ಟು ಅಳೆದರೆ ಮಾತ್ರ ಎಷ್ಟಿದೆ ಅಂತ ಗೊತ್ತಾಗುವಂಥದ್ದು.

ಆ ಅಳೆಯುವ ಯಂತ್ರಗಳನ್ನು ಚಂಡಮಾರುತಕ್ಕೆ ಹಾಳಾಗದಿರಲಿ ಅಂತ ಮೊದಲೇ ಬಂದ್ ಮಾಡಿಟ್ಟಿದ್ದರು. ಅದರಲ್ಲಿ ತಪ್ಪು ಹುಡುಕಲಾರೆ. ಆದರೆ ಅವು ಪೂರ್ತಿ ಚಾಲೂ ಆಗುವ ಮೊದಲೇ ಕೇಂದ್ರದ ಪರಿಸರ ಸಂಸ್ಥೆ ಇಪಿಎ ಮತ್ತು ಟೆಕ್ಸಾಸ್ ರಾಜ್ಯದ ಪರಿಸರ ಇಲಾಖೆ ಗಾಳಿಯ ಬಗ್ಗೆ ಚಿಂತೆ ಬೇಡ ಅಂತ ಪ್ರಕಟಣೆ ಕೊಟ್ಟವು. ಕಾರ್ಖಾನೆಗಳ ಪಕ್ಕದಲ್ಲೇ ಇರುವ ಮ್ಯಾಂಚೆಸ್ಟರ್ ಎಂಬ ಬಡ ಬಡಾವಣೆಯಲ್ಲಿ ನಗರದ ಆರೋಗ್ಯ ಇಲಾಖೆಯವರು ತಾವೇ ಹೋಗಿ ಅಳೆದಾಗ ಬೆಂಜೀನ್ ಶತಕೋಟಿಗೆ 324 ಭಾಗದವರೆಗೆ ಸಿಕ್ಕಿತು. ಅಲ್ಲಿನ ಸಂಸ್ಕರಣಾಗಾರದ ಟ್ಯಾಂಕಿನ ತೇಲುವ ಮುಚ್ಚಳ ಮಳೆಭಾರಕ್ಕೆ ಕುಸಿದು ಸೋರಿಕೆಯಾಗಿತ್ತು. ಹತ್ತಿರದ ಕ್ರಾಸ್ಬಿ ಎಂಬಲ್ಲಿ ರಾಸಾಯನಿಕ ಕಾರ್ಖಾನೆಯ ಕರೆಂಟು ಹೋಗಿ, ತಂಪಾಗಿಯೇ ಇಡಬೇಕಿದ್ದ ಪೆರಾಕ್ಸೈಡ್ ರಾಸಾಯನಿಕ ಬಿಸಿಯಾಗಿ ಆಗಸ್ಟ್ 31ರಂದು ಹೊತ್ತಿಕೊಂಡಿತು. ಹೊಗೆ ವಿಷಕಾರಿ ಅಲ್ಲ ಅಂತ ಸ್ಥಳೀಯ ಪೊಲೀಸ್ ಮುಖ್ಯಸ್ಥ, ಅಂದರೆ ಶೆರಿಫ್, ಹೇಳಿದರೆ, ಅದೇ ದಿನ ಕೇಂದ್ರದ ವಿಪತ್ತು ನಿರ್ವಹಣಾ ಸಂಸ್ಥೆಯ ಮುಖ್ಯಸ್ಥರು ಅದು ಭಾರಿ ಅಪಾಯಕಾರಿ ಅಂದರು. ಹೊಗೆ ಕುಡಿದು ಚಿಕಿತ್ಸೆ ಪಡೆದವರು 21 ಮಂದಿ.

ನನಗೆ ಹೊಟ್ಟೆ ಉರಿದದ್ದು 2019ರಲ್ಲಿ, ವಿಮಾನದ ಕಥೆ ಪತ್ರಿಕೆಯಲ್ಲಿ ಬಂದಾಗ. ನಾಸಾದ ಬಳಿ ಡಿಸಿ-8 ಎಂಬ ವಿಮಾನವಿತ್ತು, ಒಡಲು ತುಂಬ ಗಾಳಿ ಪರೀಕ್ಷಿಸುವ ಉಪಕರಣಗಳು. ನಾವು ಹ್ಯೂಸ್ಟನ್ ಮೇಲೆ ಹಾರಿ ಅಳೆದು ಕೊಡುತ್ತೇವೆ ಅಂತ ನಾಸಾ ವಿಜ್ಞಾನಿಗಳು ಮುಂದೆ ಬಂದಿದ್ದರು. ನಿಮ್ಮ ಅಂಕಿಅಂಶದಿಂದ ನಮಗೆ ಉಪಯೋಗವಿಲ್ಲ ಅಂದಿತು ರಾಜ್ಯ. ಇಪಿಎ ಕೂಡ ಅದಕ್ಕೆ ಹೂಂ ಅಂದಿತು. ವಿಮಾನ ಹ್ಯೂಸ್ಟನ್ ಮೇಲೆ ಹಾರಲೇ ಇಲ್ಲ. 2019ರ ಡಿಸೆಂಬರಿನಲ್ಲಿ ಇಪಿಎದ ಸ್ವಂತ ತನಿಖಾಧಿಕಾರಿಯೇ ವರದಿ ಕೊಟ್ಟು, ಹೆಚ್ಚಿನ ಮಾಲಿನ್ಯ ಹೊರಬಿದ್ದ ಹೊತ್ತಿನಲ್ಲಿ ಅಳೆಯುವ ಕೆಲಸವೇ ಸರಿಯಾಗಿ ಶುರುವಾಗಿರಲಿಲ್ಲ ಅಂತ ಒಪ್ಪಿಕೊಂಡರು.

ಇಲ್ಲಿಗೆ ಬಂದ ಹೊಸತರಲ್ಲಿ, ಸರ್ಕಾರ ಸತ್ಯ ಮುಚ್ಚಿಡಬೇಕಾದರೆ ವಿಜ್ಞಾನಿಗಳಿಂದ ಸುಳ್ಳು ಹೇಳಿಸುತ್ತದೆ ಅಂತ ತಿಳಿದಿದ್ದೆ. ಅಷ್ಟು ಕಷ್ಟ ಯಾರೂ ಪಡುವುದಿಲ್ಲ. ಅಳೆಯಲು ಬಿಡದಿದ್ದರೆ ಸಾಕು, ಇಲ್ಲವೇ ಅಳೆದದ್ದನ್ನು ಪ್ರಕಟಣೆಯಲ್ಲಿ ತಿದ್ದಿದರೆ ಸಾಕು.

ಕತ್ರೀನಾ ಚಂಡಮಾರುತದಲ್ಲಿ ಮನೆ ಕಳೆದುಕೊಂಡವರಿಗೆ ಕೊಟ್ಟ ಟ್ರೈಲರ್ ಮನೆಗಳಲ್ಲಿ ಕಣ್ಣುರಿ, ಕೆಮ್ಮು ಶುರುವಾಯಿತು. ಹಲಗೆಯ ಅಂಟಿನಿಂದ ಹೊರಬರುವ ಫಾರ್ಮಾಲ್ಡಿಹೈಡ್ ಅದಕ್ಕೆ ಕಾರಣ. ವಿಪತ್ತು ಸಂಸ್ಥೆಯ ವಕೀಲರು ಬರೆದುಕೊಂಡಿದ್ದ ಇ-ಮೇಲ್‌ಗಳು 2007ರಲ್ಲಿ ಸಂಸತ್ ಸಮಿತಿಯ ಕೈಗೆ ಸಿಕ್ಕವು. ನಾವು ಹೂಂ ಅನ್ನುವವರೆಗೆ ಪರೀಕ್ಷೆ ಬೇಡ, ಫಲಿತಾಂಶ ಬಂದರೆ ಕ್ರಮ ಕೈಗೊಳ್ಳುವ ಹೊಣೆ ನಮ್ಮ ತಲೆಗೆ ಬರುತ್ತದೆ ಎಂಬುದು ಅದರ ಸಾರ. ಕ್ರಿಸ್ಟೋಫರ್ ಡಿ ರೋಸಾ ಎಂಬ ಸರ್ಕಾರಿ ವಿಷವಿಜ್ಞಾನಿಯನ್ನು ಬದಿಗಿಟ್ಟು ಸಿದ್ಧಪಡಿಸಿದ ವರದಿಯಲ್ಲಿ ದೀರ್ಘಕಾಲದ ಅಪಾಯದ ಮಾತೇ ಇರಲಿಲ್ಲ. ಆತ ಆಕ್ಷೇಪ ಎತ್ತಿದರು, ಆಮೇಲೆ ಹುದ್ದೆ ಕಳೆದುಕೊಂಡರು. ಕೊನೆಗೆ 519 ಟ್ರೈಲರ್‌ಗಳನ್ನು ಪರೀಕ್ಷಿಸಿ, ಬೇಸಿಗೆ ಬರುವ ಮೊದಲು ಜನರನ್ನು ಹೊರಗೆ ತನ್ನಿ ಅಂತ ಕೇಂದ್ರದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಹೇಳಿದ್ದು 2008ರ ಫೆಬ್ರುವರಿಯಲ್ಲಿ. ಚಂಡಮಾರುತ ಬಂದದ್ದು 2005ರಲ್ಲಿ!

ತಿದ್ದುವುದಕ್ಕೆ ದೊಡ್ಡ ಉದಾಹರಣೆ ನ್ಯೂಯಾರ್ಕ್. ಅವಳಿ ಗೋಪುರ ಕುಸಿದ ವಾರಕ್ಕೆ, 2001ರ ಸೆಪ್ಟೆಂಬರ್ 18ರಂದು, ಇಪಿಎ ಮುಖ್ಯಸ್ಥೆ ಕ್ರಿಸ್ಟೀನ್ ಟಾಡ್ ವಿಟ್ಮನ್ ಅಲ್ಲಿನ ಗಾಳಿ ಉಸಿರಾಡಲು ಸುರಕ್ಷಿತ ಅಂದರು. ಹಾಗೆ ಹೇಳುವಷ್ಟು ಮಾಹಿತಿ ಸಂಸ್ಥೆಯ ಬಳಿ ಇರಲಿಲ್ಲ, ಶ್ವೇತಭವನದ ಪರಿಸರ ಮಂಡಳಿ ಪ್ರಕಟಣೆಗಳಿಗೆ ಭರವಸೆಯ ಮಾತು ಸೇರಿಸಿ ಎಚ್ಚರಿಕೆಯ ಮಾತು ತೆಗೆಸಿತ್ತು ಅಂತ 2003ರ ಆಂತರಿಕ ತನಿಖೆ ಹೇಳಿತು. ಗೋಪುರ ಕುಸಿದ ದಿನ 343 ಅಗ್ನಿಶಾಮಕ ಸಿಬ್ಬಂದಿ ಸತ್ತಿದ್ದರು. ಆ ಕುಸಿತದ ಧೂಳಿನ ಕಾಯಿಲೆಗಳಿಂದ ಆಮೇಲೆ ಸತ್ತ ಅಗ್ನಿಶಾಮಕ ಸಿಬ್ಬಂದಿಯ ಸಂಖ್ಯೆಯೂ 2023ರಲ್ಲಿ 343 ಮುಟ್ಟಿತು.

ಇದನ್ನೆಲ್ಲ ಕಾಕಾಗೆ ಫೋನಿನಲ್ಲಿ ಹೇಳಿದೆ. ರಾಯಚೂರು ನಗರದಲ್ಲಿ 2022ರ ಮೇ ಕೊನೆಗೆ ನಳದ ನೀರು ಕುಡಿದು ವಾಂತಿಭೇದಿ ಹಬ್ಬಿ, ಜೀವ ಹೋದಾಗ ಓಣಿ ಓಣಿ ಓಡಾಡಿದ ಮನುಷ್ಯ ಅವರು.

“ನೀವು ಬಂದ ವಿಮಾನ ವಾಪಸ್ ಕಳಿಸಿದ್ರಿ. ನಮ್ಮಲ್ಲಿ ವಿಮಾನನ ಬರಂಗಿಲ್ಲ, ಕಳಿಸೋದೇನ್ ಬಂತು?” ಅಂದರು.

“ಆದ್ರ ಕಾಕಾ, ಇಲ್ಲಿ ಆ ಇ-ಮೇಲ್ ಆದ್ರೂ ಹೊರಗ ಬಂದಾವ.”

“ಹತ್ತು ವರ್ಷಕ್ಕ ಬಂದ್ರ ಏನ್ ಮಾಡ್ಲಿ? ಉಪ್ಪಿನಕಾಯಿ ಹಾಕ್ಲೇನು?”

ಹತ್ತು ವರ್ಷವೇನೂ ಆಗಿರಲಿಲ್ಲ. ಆದರೂ ಆ ಟ್ರೈಲರಿನಲ್ಲಿ ಕೆಮ್ಮುತ್ತ ಮಲಗಿದ್ದವರ ಪಾಲಿಗೆ ಕಾಕಾನ ಲೆಕ್ಕವೇ ಸರಿ ಅನಿಸಿತು. ಈಗ ಅವರು ತಮ್ಮ ಓಣಿಯ ನೀರಿನ ಬಗ್ಗೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕುತ್ತಾರಂತೆ, ಏನೇನು ಕೇಳಲಿ ಅಂದರು. ನೀರು ಶುದ್ಧ ಇದೆಯೋ ಇಲ್ಲವೋ ಅಂತ ಕೇಳಬ್ಯಾಡ್ರಿ, “ಶುದ್ಧವಿದೆ” ಅಂತ ಒಂದು ಸಾಲು ಬರೆದು ಕಳಿಸ್ತಾರ ಅಂದೆ. ಯಾವ ತಾರೀಖು, ಯಾವ ನಳದಿಂದ ಮಾದರಿ ತಗೊಂಡರು, ತಗೊಂಡವರು ಯಾರು, ಯಾವ ಪ್ರಯೋಗಾಲಯಕ್ಕೆ ಹೋಯಿತು, ಏನೇನು ಅಳೆದರು, ಆ ಹಾಳೆಯ ನಕಲು. ಕಾಕಾ ಒಂದೊಂದೇ ಬರೆದುಕೊಂಡು, ಕಡೆಗೆ ತಮ್ಮದೂ ಒಂದು ಸೇರಿಸಿದರು: ಮಾದರಿ ತಗೊಂಡ ದಿನ ನಳ ಬಂದಿತ್ತೋ ಇಲ್ಲೋ.