ಶೀರ್ನೆಸ್ ಅಳಿವೆಯ ಮೂರು ಕಂಬ

14 ಸೆಪ್ಟೆಂಬರ್ 2024, ಶನಿವಾರ, ರಾತ್ರಿ

ಅಪ್ಪಯ್ಯನ್ನ ಇವತ್ತು ಕೊನೆಗೂ ಸಮುದ್ರಕ್ಕೆ ಕರ್ಕೊಂಡು ಹೋದೆ. ಅವ್ರು ಊರಿಂದ ಇಂಗ್ಲೆಂಡಿಗೆ ಬಂದು ಐದು ವಾರ ಆಯ್ತು, ನಂಗೆ ಡ್ಯೂಟಿ ಮೇಲೆ ಡ್ಯೂಟಿ, ಅವ್ರು ಪಾಪ ಕಿಟಕಿ ಪಕ್ಕ ಕೂತ್ಕೊಂಡು ಯೂಟ್ಯೂಬಲ್ಲಿ ಯಕ್ಷಗಾನ ಹಾಕ್ಕೊಂಡು ದಿನ ಕಳೀತಿದ್ರು. ನಲವತ್ತು ವರ್ಷ ನೀರಿನ ಮೇಲಿದ್ದ ಮನುಷ್ಯ. ಜಿಲಿಂಗಮ್‌ನಿಂದ ಸಿಟಿಂಗ್‌ಬೋರ್ನ್, ಅಲ್ಲಿ ಇಳಿದು ಇನ್ನೊಂದು ಚಿಕ್ಕ ಟ್ರೈನು, ಅಷ್ಟೇ ದೂರ ಶೀರ್ನೆಸ್, ಇಷ್ಟು ಹತ್ರ ಇಟ್ಕೊಂಡು ಐದು ವಾರ ಬೇಕಾಯ್ತಲ್ಲ ನಂಗೆ.

ದಂಡೆ ಗೋಡೆ ಹತ್ತಿ ನಿಂತ್ರು, ನೀರು ನೋಡಿದ್ರು, ಎರಡು ನಿಮಿಷ ಮಾತೇ ಇಲ್ಲ. ಆಮೇಲೆ "ಇದ್ ಕಡಲ್ ಅಲ್ದ್ ಮಗಾ, ಅಳಿವೆ" ಅಂದ್ರು. ನೀರಿನ ಬಣ್ಣ ನೋಡಿ, ಎಳೆತ ನೋಡಿ ಹೇಳಿದ್ದು. ಹೌದು ಅಪ್ಪಯ್ಯ, ಈ ಕಡೆಯಿಂದ ಮೆಡ್‌ವೇ ನದಿ ಬರತ್ತೆ, ಆ ಕಡೆಯಿಂದ ಥೇಮ್ಸ್, ಎರಡೂ ಇಲ್ಲೇ ಸೇರೋದು ಅಂದೆ. ನಮ್ ಕುಂದಾಪುರದ ಕೋಡಿ ಹಂಗೇ ಅಂತ ಎಷ್ಟು ಖುಷಿ ಆಯ್ತು ಅವ್ರಿಗೆ! ಕೋಡಿಯಲ್ಲಿ ಐದು ನದಿ ಸೇರತ್ತೆ, ಎದುರಿಗೆ ಗಂಗೊಳ್ಳಿ. ಇಲ್ಲಿ ಎರಡೇ, ಎದುರಿಗೆ ಗ್ರೇನ್ ಅನ್ನೋ ಜಾಗದ ಗ್ಯಾಸ್ ಟ್ಯಾಂಕುಗಳು. ಹೂಳು ಮಾತ್ರ ಎರಡೂ ಕಡೆ ಒಂದೇ ತರ.

ಆಗ ಕಂಬ ಕಾಣ್ತು ಅವ್ರಿಗೆ. ದಡದಿಂದ ಎರಡೂವರೆ ಕಿಲೋಮೀಟರ್ ಇರಬಹುದು, ನೀರೊಳಗಿಂದ ಮೂರು ಕಂಬ ಎದ್ದು ನಿಂತಿವೆ. "ಅದೆಂತ ಕಂಬ? ಬಲೆ ಕಟ್ಟುಕಾ?"

ಹಡಗು ಅಪ್ಪಯ್ಯ, ಮುಳುಗಿದ್ದು, ಅದರ ಪಟದ ಕಂಬ ಅಂದೆ. ಶುರು ಮಾಡಿದ ಮೇಲೆ ಬಿಡ್ಲೇ ಇಲ್ಲ, ಒಂದೊಂದೇ ಕೇಳಿದ್ರು, ನಾನು ಇಲ್ಲಿಗೆ ಬಂದ ಹೊಸದ್ರಲ್ಲಿ ಓದಿದ್ದೆಲ್ಲ ನೆನಪು ಮಾಡ್ಕೊಂಡು ಹೇಳ್ತಾ ಹೋದೆ. ಹೆಸರು ರಿಚರ್ಡ್ ಮಾಂಟ್‌ಗೊಮರಿ. ಯುದ್ಧ ಮಾಡೋ ಹಡಗಲ್ಲ, ಯುದ್ಧಕ್ಕೆ ಸಾಮಾನು ಹೊರೋ ಹಡಗು. ಅಮೆರಿಕದವ್ರು ಎರಡನೇ ಮಹಾಯುದ್ಧದ ಹೊತ್ತಲ್ಲಿ ಲಿಬರ್ಟಿ ಶಿಪ್ ಅಂತ 2,700ಕ್ಕೂ ಹೆಚ್ಚು ಕಟ್ಟಿದ್ರು, ಬೇಗ ಆಗ್ಲಿ ಅಂತ ತಗಡಿಗೆ ತಗಡು ವೆಲ್ಡಿಂಗ್ ಮಾಡಿ. ಇದು 1943ರಲ್ಲಿ ಫ್ಲೋರಿಡಾದ ಜಾಕ್ಸನ್‌ವಿಲ್‌ನಲ್ಲಿ ಕಟ್ಟಿದ್ದು. 1944ರ ಆಗಸ್ಟ್‌ನಲ್ಲಿ ಆರು ಸಾವಿರ ಟನ್ನಿಗೂ ಹೆಚ್ಚು ಬಾಂಬು, ಮದ್ದುಗುಂಡು ತುಂಬ್ಕೊಂಡು ಬಂತು, ಇಲ್ಲಿಂದ ಬೇರೆ ಹಡಗುಗಳ ಜೊತೆ ಫ್ರಾನ್ಸಿನ ಶೆರ್ಬುರ್ಗ್‌ಗೆ ಹೋಗ್ಬೇಕಿತ್ತು. ಬಂದರಿನವ್ರು ತೋರಿಸಿದ ಜಾಗದಲ್ಲಿ ಲಂಗರು ಹಾಕಿದ್ರು. ಭಾರಕ್ಕೆ ಹಡಗು 31 ಅಡಿ ನೀರೊಳಗೆ ಇಳಿದಿತ್ತು, ಅಲ್ಲಿ ಇಳಿತಕ್ಕೆ ಅಷ್ಟು ನೀರೇ ಇರಲ್ಲ.

"ಯಾವ ದಿನ?"

ಆಗಸ್ಟ್ 20 ಅಂದೆ.

"ತಾರೀಕ್ ಅಲ್ದ್. ಅಮಾಸಿಯಾ ಹುಣ್ಮಿಯಾ?"

ಇಷ್ಟು ವರ್ಷದಲ್ಲಿ ನಾನು ಅದನ್ನ ಯೋಚನೆನೇ ಮಾಡಿರ್ಲಿಲ್ಲ. ಫೋನಲ್ಲಿ ಹುಡುಕಿದೆ, 1944 ಆಗಸ್ಟ್ 18ಕ್ಕೆ ಅಮಾವಾಸ್ಯೆ. ಅಮಾವಾಸ್ಯೆ ಆಗಿ ಎರಡು ದಿನ. ಅಪ್ಪಯ್ಯ ತಲೆ ಆಡಿಸಿದ್ರು, ಹಾಂಗಾರೆ ದೊಡ್ಡ ಭರತದಂಗೆ ಹೋಯಿ ದಿಬ್ಬದ ಮೇಲೆ ಕೂತಿದ್, ಇಳಿತಕ್ಕೆ ನೀರೆಲ್ಲ ಹೋಯಿ ಬೆನ್ನ್ ಮುರ್ದಿದ್, ಇನ್ನ್ ಹುಣ್ಮಿ ವರಿಗೂ ಏಳುದಿಲ್ಲೆ ಅದ್. ಓದು ಅಂತ ನಾಲ್ಕನೇ ಕ್ಲಾಸು, ಆದ್ರೂ ಇಂಗ್ಲೆಂಡಿನಲ್ಲಿ ಮುಳುಗಿದ ಹಡಗಿನ ಕತೆ ನಂಗಿಂತ ಸರಿಯಾಗಿ ಅವ್ರೇ ಹೇಳಿ ಮುಗಿಸಿದ್ರು. ನಿಜವಾಗ್ಲೂ ಹಾಗೇ ಆಗಿದ್ದು, ಬೆನ್ನು ಮುರೀತು ಅಂತಾನೇ ಇಲ್ಲಿಯವ್ರೂ ಹೇಳೋದು. ಹೊಟ್ಟೆಯಲ್ಲಿ ಬಾಂಬು ಇರೋ ಹಡಗು ಮುರೀತಾ ಇದ್ರೂ ಕೂಲಿಗಳು ಹತ್ತಿ ಸಾಮಾನು ಇಳಿಸಿದ್ರು, ಸೆಪ್ಟೆಂಬರ್ 25ರ ತನಕ. ಆಮೇಲೆ ಸಾಧ್ಯ ಆಗ್ಲಿಲ್ಲ. 1,400 ಟನ್ನಿನಷ್ಟು ಇವತ್ತಿಗೂ ಒಳಗೇ ಇದೆ.

ಅಪ್ಪಯ್ಯನಿಗೆ ಬಾಂಬಿನ ಬಗ್ಗೆ ಏನೂ ಅನ್ನಿಸ್ಲಿಲ್ಲ. ಅವ್ರು ಹಿಡ್ಕೊಂಡಿದ್ದು ಇನ್ನೊಂದನ್ನ. ಹಡಗು ಲಂಗರು ಎಳ್ಕೊಂಡು ದಿಬ್ಬದ ಕಡೆ ಹೋಗ್ತಿರೋದನ್ನ ಅಕ್ಕಪಕ್ಕದ ಹಡಗಿನವ್ರು ನೋಡಿ ಸೈರನ್ ಹೊಡೆದ್ರಂತೆ, ಕ್ಯಾಪ್ಟನ್ ಮಲಗಿದ್ದನಂತೆ ಅಂದೆ ನಾನು. ಅಂದಿದ್ದೇ ತಪ್ಪಾಯ್ತೋ ಏನೋ.

"ಎರಡನೇ ಅಂವ ಇರ್ತನಲೆ, ಅಂವ ಎಬ್ಸ್ಲಿಲ್ಯಾ?"

ಎಬ್ಬಿಸ್ಲಿಲ್ಲ. ಆಮೇಲೆ ವಿಚಾರಣೆಯಲ್ಲಿ ಯಾಕೆ ಎಬ್ಬಿಸ್ಲಿಲ್ಲ ಅಂತ ಕೇಳಿದ್ದಕ್ಕೆ ಅವನ ಹತ್ರ ಉತ್ತರ ಇರ್ಲಿಲ್ವಂತೆ.

ಅಪ್ಪಯ್ಯ ಸುಮಾರು ಹೊತ್ತು ಸುಮ್ಮನಿದ್ರು. ಗಾಳಿ ಜೋರಿತ್ತು, ಟೋಪಿ ಒಳಗೆ ಕಿವಿ ಮುಚ್ಕೊಂಡು ಆ ಕಂಬಗಳನ್ನೇ ನೋಡ್ತಾ ಇದ್ರು. ಆಮೇಲೆ, ನಾನು ಯಾವತ್ತೂ ಕೇಳಿರದ ಒಂದು ಕತೆ ಹೇಳಿದ್ರು. ಅವ್ರು ಇನ್ನೂ ತಾಂಡೇಲ, ಅಂದ್ರೆ ಬೋಟು ನಡೆಸೋ ಮುಖ್ಯಸ್ಥ, ಆಗಿರ್ಲಿಲ್ಲ, ಬರೀ ಕಲಾಸಿ, ಬೋಟಿನ ಕೆಲಸದವ, ಹತ್ತೊಂಬತ್ತೋ ಇಪ್ಪತ್ತೋ ವಯಸ್ಸು. ಎರಡು ರಾತ್ರಿ ಬಲೆ ಎಳೆದು ತಾಂಡೇಲ ಆಗಷ್ಟೇ ಮಲಗಿದ್ರಂತೆ. ಬೋಟು ಸರೀತಾ ಇದೆ ಅಂತ ಅಪ್ಪಯ್ಯನಿಗೆ ಅನುಮಾನ ಬಂತು, ದಡದ ದೀಪ ಇದ್ದಲ್ಲಿ ಇಲ್ಲ. ಎಬ್ಬಿಸ್ಬೇಕು ಅಂತ ಹತ್ರ ಹೋಗಿ ನಿಂತ್ರು, ಅವ್ರ ಮುಖ ನೋಡಿದ್ರು, ವಾಪಸ್ ಬಂದ್ರು. ಮತ್ತೆ ಹೋದ್ರು, ಮತ್ತೆ ವಾಪಸ್. ಕೊನೆಗೆ ಇನ್ನೊಬ್ಬ ಕೂಗಿದ್ದಕ್ಕೆ ಬೋಟು ಉಳೀತು.

"ಎಬ್ಸ್ಲಿಲ್ಲೆ ಅಂದ್ರೆ ಬ್ಯಾಡ ಅಂದೇಳಿ ಅಲ್ದ್ ಮಗಾ. ಈಗ ಮನಿಕಂಡ್ರಲೆ ಅಂದೇಳಿ ಕಾಂತ್, ಕೈಯೇ ಮುಂದ್ ಹೋತಿಲ್ಲೆ. ಉತ್ರ ಎಂತ ಹೇಳುದ್ ಅಂವ."

ನನ್ನ ಕಡೆ ನೋಡ್ಲಿಲ್ಲ ಹೇಳುವಾಗ.

ಅಮ್ಮ ಬಿದ್ದ ದಿನ ನಾನು ನೈಟ್ ಡ್ಯೂಟಿ ಮುಗಿಸಿ ಬಂದು ಮಲಗಿದ್ದೆ. ಇಲ್ಲಿ ಬೆಳಗ್ಗೆ ಹತ್ತು, ಅಲ್ಲಿ ಮಧ್ಯಾಹ್ನ ಮೂರೂವರೆ. ಆಂಬ್ಯುಲೆನ್ಸು, ಆಸ್ಪತ್ರೆ, ಐಸಿಯು ಎಲ್ಲ ಆಗಿ ಸಂಜೆ ಏಳಕ್ಕೆ ಮುಗೀತು. ನಾನು ಎದ್ದಾಗ ಅಲ್ಲಿ ರಾತ್ರಿ ಒಂಬತ್ತು. ಎದ್ದು ಟೀಗೆ ಇಟ್ಟು ಫೋನ್ ನೋಡಿದೆ. ಒಂದೇ ಒಂದು ಮಿಸ್ಡ್ ಕಾಲ್ ಇರ್ಲಿಲ್ಲ. ಮೂರೂವರೆ ಗಂಟೆ ಅಮ್ಮನಿಗೆ ಉಸಿರಿತ್ತು, ವಿಡಿಯೋ ಕಾಲ್ ಮಾಡಿ ಅವಳ ಕಿವಿ ಹತ್ರ ಫೋನ್ ಹಿಡಿದಿದ್ರೆ ಸಾಕಿತ್ತು, ನಾನು ದಿನಾ ಬೇರೆಯವ್ರ ತಂದೆ ತಾಯಿಗೆ ಹಾಗೇ ಫೋನ್ ಹಿಡೀತೀನಿ. ಅಣ್ಣ ಆಮೇಲೆ ಒಂದೇ ಮಾತು ಹೇಳಿದ್ದ, "ಡ್ಯೂಟಿ ಮಾಡಿ ಮಲಗಿರ್ತಾಳೆ, ಎಬ್ಬಿಸೂದ್ ಬ್ಯಾಡ ಅಂದ್ರು." ಯಾರು ಅಂದ್ರು ಅಂತ ನಾನು ಕೇಳ್ಲಿಲ್ಲ, ಅವನೂ ಹೇಳ್ಲಿಲ್ಲ. ಎರಡೂವರೆ ವರ್ಷ ಆಯ್ತು. ಸಿಟ್ಟು ಇದೆ ನಂಗೆ, ಯಾರ ಮೇಲೆ ಅಂತ ಹೆಸರು ಹಾಕಿರ್ಲಿಲ್ಲ ಅಷ್ಟೇ.

ಅಲ್ಲೇ ಕೇಳಿಬಿಡಬಹುದಿತ್ತು. ಕೇಳಿದ್ದು ಏನು, "ಚಳಿ ಆಗ್ತಿದ್ಯಾ ಅಪ್ಪಯ್ಯ?"

ಆಮೇಲೆ ಚಿಪ್ಸ್ ತಿಂದ್ವಿ, ಮೀನು ಅವ್ರಿಗೆ ಸೇರ್ಲಿಲ್ಲ, ಉಪ್ಪಿಲ್ಲ ಖಾರ ಇಲ್ಲ. ಟ್ರೈನಲ್ಲಿ ಮತ್ತೆ ಹಡಗಿನ ಮಾತು. ಎಂಬತ್ತು ವರ್ಷ ಆದ್ರೂ ಯಾಕೆ ತೆಗೀಲಿಲ್ಲ ಅಂತ. ತೆಗೆಯೋಕೆ ಹೆದರಿಕೆ ಅಂದೆ. ಫೋಕ್‌ಸ್ಟನ್ ಹತ್ರ ಕೀಲ್ಸೆ ಅಂತ ಇನ್ನೊಂದು ಇತ್ತು, ಪೋಲೆಂಡಿನ ಹಡಗು, ಅದರಲ್ಲೂ ಮದ್ದುಗುಂಡು, 1967ರಲ್ಲಿ ತೆಗೆಯೋಕೆ ಹೋದಾಗ ಸಿಡೀತು, ಭೂಕಂಪದ ಲೆಕ್ಕದಲ್ಲಿ 4.5, ಸಮುದ್ರದ ತಳದಲ್ಲಿ 20 ಅಡಿ ಗುಂಡಿ, ಊರಲ್ಲಿ ಮನೆಗಳಿಗೆ ಪೆಟ್ಟು. ಮಾಂಟ್‌ಗೊಮರಿಯಲ್ಲಿ ಅದಕ್ಕಿಂತ ತುಂಬಾ ಜಾಸ್ತಿ ಇದೆ. ಅದಕ್ಕೇ 1973ರಲ್ಲಿ ಕಾನೂನು ಮಾಡಿ ಸುತ್ತ ನೀರಿನ ಮೇಲೆ ತೇಲೋ ಗುರುತು ಹಾಕಿ ಬೇಲಿ ತರ ಮಾಡಿದ್ದಾರೆ, ಕಂಬದ ಮೇಲೆ ಹತ್ರ ಬರಬೇಡಿ ಅಂತ ಬೋರ್ಡು, ಇಪ್ಪತ್ತನಾಲ್ಕು ಗಂಟೆ ರಾಡಾರ್ ಕಾವಲು. ವರ್ಷ ವರ್ಷ ಸರ್ವೆ ಮಾಡ್ತಾರೆ, ತಗಡು ಎಷ್ಟು ಸವೀತು, ಬಿರುಕು ಎಷ್ಟಾಯ್ತು ಅಂತ. ಈಗ ಆ ಕಂಬಗಳ ಭಾರವೇ ಹಡಗಿಗೆ ಹೆಚ್ಚಾಗಿದೆ, ಕತ್ತರಿಸ್ತೀವಿ ಅಂತ 2020ರಲ್ಲಿ ಹೇಳಿದ್ದು, ಇವತ್ತಿಗೂ ಕತ್ತರಿಸಿಲ್ಲ.

"ಕಂಬ ತೆಗುದ್ ಬ್ಯಾಡ" ಅಂದ್ರು ಅಪ್ಪಯ್ಯ. "ಕಂಬ ಇಪ್ಪುಕಾಯ್ ಜನಕ್ಕೆ ಗೊತ್ತಾತ್, ಅಡಿಗ್ ಎಂತೋ ಇತ್ತ್ ಅಂದೇಳಿ."

ಮನೆಗೆ ಬಂದು ಗಂಜಿ ಊಟ, ಮಾವಿನ ಉಪ್ಪಿನಕಾಯಿ. ಬೇಗ ಮಲಗಿದ್ರು. ಗೊರಕೆ ಇಲ್ಲಿಗೂ ಕೇಳತ್ತೆ, ಮೊದಲು ಅಮ್ಮ ಬೈತಿದ್ಳು ಅದಕ್ಕೆ. ಸೋಮವಾರದಿಂದ ನಂಗೆ ನಾಲ್ಕು ನೈಟ್. ಮಲಗೋ ಮೊದ್ಲು ಬಾಗಿಲ ಹತ್ರ ನಿಂತು, ಹಗಲು ನೀನು ಮಲಗುವಾಗ ನಾನು ಟೀವಿ ಸೌಂಡ್ ಇಡೂದಿಲ್ಲ ಅಂದ್ರು. ಇಡಿ ಅಪ್ಪಯ್ಯ ಅಂದೆ, ಏನಿದ್ರೂ ಎಬ್ಬಿಸಿ, ಎಷ್ಟೊತ್ತಿದ್ರೂ ಅಂದೆ. ಹೂಂ ಅಂದ್ರು, ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ರು, ಲೈಟ್ ಆರಿಸಿದ್ರು.

ಅಣ್ಣನಿಗೆ ಫೋನ್ ಮಾಡಿ ಆವತ್ತು ಏನಾಯ್ತು ಅಂತ ಪೂರ್ತಿ ಕೇಳ್ಬೇಕು ಅನ್ನಿಸ್ತಿದೆ, ಯಾರು ಅಂದಿದ್ದು, ಎಷ್ಟು ಸಲ ಫೋನ್ ಕೈಗೆ ತಗೊಂಡ್ರು, ಇಟ್ರು. ಈಗ್ಲೇ ಕೇಳ್ಬೇಕು. ಆದ್ರೆ ಇಲ್ಲಿ ಹತ್ತು ಗಂಟೆ, ಅಲ್ಲಿ ರಾತ್ರಿ ಎರಡೂವರೆ, ಮಲಗಿರ್ತಾನೆ